ನೀರು ಇನ್ನೂ ಬಿಸಿಯಾಗಿದೆ

ನನ್ನ ತಂಗಿಯ ಗಂಡ ಅಡೆಲಾರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಲೂಯಿಸ್ಟನ್ನಿನ ಬೂಟು ಕಾರ್ಖಾನೆಯಲ್ಲಿ ಕೂದಲು ನೆರೆಯುವ ತನಕ ದುಡಿದ, ಒಂದು ದಿನವೂ ಕುಡಿದು ಮನೆಗೆ ಬಂದವನಲ್ಲ, ನನ್ನ ತಂಗಿ ಸೊಲಾಂಜಳ ಮೇಲೆ ದನಿ ಎತ್ತಿದವನಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಆ ಚಳಿಗಾಲದಲ್ಲಿ ಅವನು ಹಿಡಿದ ಮೊಲ, ಬಿಸಿನೀರಿನ ಟ್ಯಾಂಕು.

ನವೆಂಬರಿನಲ್ಲಿ ಹಳೆಯ ಟ್ಯಾಂಕಿನ ಬುಡಕ್ಕೆ ತುಕ್ಕು ಹಿಡಿದು ನೆಲಮಾಳಿಗೆಯ ತುಂಬ ನೀರು ನಿಂತಿತು. ಅಡೆಲಾರನ ಅಕ್ಕನ ಮಗ ನಾರ್ಮಂಡ್ ಕೊಳಾಯಿ ಕೆಲಸದವನು. ಮನೆ ಬೆಚ್ಚಗಿಡುವ ಬಾಯ್ಲರನ್ನು ಹಿಂದಿನ ವರ್ಷ ಬದಲಾಯಿಸಿದ್ದವನೂ ಅವನೇ. ಆ ಹೊಸ ಬಾಯ್ಲರಿನ ಹೊಗೆ ಪಕ್ಕದ ಗೋಡೆಯ ಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಹಾಗಾಗಿ ಇಟ್ಟಿಗೆಯ ದೊಡ್ಡ ಹೊಗೆಗೂಡಿಗೆ ಉಳಿದದ್ದು ನೀರಿನ ಟ್ಯಾಂಕಿನ ಕೆಳಗಿನ ಪುಟ್ಟ ಗ್ಯಾಸ್ ಬೆಂಕಿ ಮಾತ್ರ.

ನಾರ್ಮಂಡ್ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ, ಈ ಸಲ ಬೆಂಕಿಯೇ ಇಲ್ಲದ ಟ್ಯಾಂಕು ಹಾಕಿಸು ಎಂದ. ಬಾಯ್ಲರಿನ ಬಿಸಿನೀರು ಟ್ಯಾಂಕಿನೊಳಗೆ ಸುರುಳಿ ಕೊಳವೆಯಲ್ಲಿ ಸುತ್ತುತ್ತದೆ, ಅದರ ಕಾವಿಗೆ ಸ್ನಾನದ ನೀರು ಕಾಯುತ್ತದೆ, ಹೊಗೆಗೂಡಿನ ಹಂಗೇ ಇಲ್ಲ. ಸೊಲಾಂಜಳಿಗೆ ಅದು ಒಪ್ಪಿಗೆಯಾಗಿತ್ತು, ಅವಳ ಮುಖದಲ್ಲಿ ಕಾಣುತ್ತಿತ್ತು. ಅಡೆಲಾರ್ ಬೇಡವೆಂದು ತಲೆಯಾಡಿಸಿದ. ಹಳೆಯ ತರಹದ್ದೇ ಬೇಕು, ತನ್ನದೇ ಬೆಂಕಿ ಇರುವಂಥದ್ದು.

"ಮಾವ, ಆ ಗೂಡು ಎರಡು ಬೆಂಕಿಗೆ ಅಂತ ಕಟ್ಟಿದ್ದು," ಎಂದ ನಾರ್ಮಂಡ್. "ಈಗ ಇರೋದು ಒಂದೇ, ಅದೂ ಸಣ್ಣದು. ಗೂಡು ಕಾಯಲ್ಲ, ಹೊಗೆ ಮೇಲಕ್ಕೆ ಏರಲ್ಲ, ತಿರುಗಿ ಮನೆ ಒಳಕ್ಕೇ ಇಳಿಯುತ್ತೆ. ಅದಕ್ಕೆ ಬಣ್ಣನೂ ಇಲ್ಲ, ವಾಸನೆನೂ ಇಲ್ಲ. ಮಲಗಿದ್ದೋರು ಏಳಲ್ಲ."

"ಕರೆಂಟ್ ಹೋದ್ರೆ ನಿನ್ನ ಬಾಯ್ಲರ್ ಏನ್ ಮಾಡುತ್ತೆ?"

"ನಿಲ್ಲುತ್ತೆ."

"ಅದನ್ನ ನಂಬ್ಕೊಂಡಿರೋ ಟ್ಯಾಂಕು?"

ಅಲ್ಲಿಗೆ ಅಡೆಲಾರನ ಪಾಲಿಗೆ ವಾದ ಮುಗಿದಿತ್ತು.

ಅವನಿಗೆ ನೆನಪಾದದ್ದು ಏನೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಎಷ್ಟೋ ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಮಂಜುಗಡ್ಡೆಯ ಮಳೆ ಸುರಿದು, ಮರ, ತಂತಿ, ಕಂಬ ಎಲ್ಲ ಭಾರಕ್ಕೆ ಮುರಿದು, ಇಡೀ ಮೇನ್ ರಾಜ್ಯ ಕತ್ತಲಲ್ಲಿ ಬಿದ್ದಿತ್ತು. ಎಲ್ಲರ ಬಾಯ್ಲರು ಸತ್ತವು. ಅಡೆಲಾರನ ಟ್ಯಾಂಕಿಗೆ ಕರೆಂಟು ಬೇಕಿರಲಿಲ್ಲ. ಅದರ ಬುಡದಲ್ಲಿ ನಂದಾದೀಪದಂತೆ ಪುಟ್ಟ ನೀಲಿ ಜ್ವಾಲೆ ಸದಾ ಉರಿಯುತ್ತಿತ್ತು. ಬೀದಿಯವರೆಲ್ಲ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವನ ಮನೆಗೆ ಸ್ನಾನಕ್ಕೆ ಬಂದರು. ಅವನು ಬಾಗಿಲಲ್ಲಿ ನಿಂತು, "ನೀರು ಇನ್ನೂ ಬಿಸಿಯಾಗಿದೆ, ಮುಂದಿನೋರು ಬನ್ನಿ," ಎಂದು ಕೂಗುತ್ತಿದ್ದ. ಕಾರ್ಖಾನೆಯಲ್ಲಿ ಯಾರೂ ಅವನನ್ನು ಹೊಗಳಿರಲಿಲ್ಲ. ಅವನ ಬದುಕಿನಲ್ಲಿ ಊರು ಅವನ ಬಾಗಿಲಿಗೆ ಬಂದದ್ದು ಅದೊಂದೇ ಸಲ.

ಸೊಲಾಂಜ್ ಆಗ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯ ಉಗುರುಬೆಚ್ಚನೆಯ ನೀರಲ್ಲಿ ಮೈ ತೊಳೆದಿದ್ದಳು. ಅದು ಅಡೆಲಾರನ ಮನಸ್ಸಿಗೆ ಚುಚ್ಚಿತ್ತು. ಆಮೇಲಿಂದ ಪ್ರತಿ ಜನವರಿಯಲ್ಲಿ ಅದರ ನೆನಪಿಗೆ ಬೀದಿಯವರಿಗೆಲ್ಲ ಅವನ ಮನೆಯಲ್ಲಿ ಊಟ. ಊಟಕ್ಕೆ ಮುಂಚೆ ಮೊದಲ ಸ್ನಾನ ಸೊಲಾಂಜಳದು, ಅವಳಿಗೆ ಸಾಕೆನಿಸುವಷ್ಟು ಹೊತ್ತು, ಸಾಕೆನಿಸುವಷ್ಟು ಬಿಸಿನೀರು.

ಆ ಹೊಗೆಗೂಡಿಗೆ ನಾನು ಅಂಥ ಟ್ಯಾಂಕು ಕೂಡಿಸುವುದಿಲ್ಲ ಎಂದು ನಾರ್ಮಂಡ್ ಎದ್ದು ನಿಂತ. ಅಡೆಲಾರ್ ಅಂಗಡಿಯಿಂದ ತಾನೇ ತಂದು, ಕಾರ್ಖಾನೆಯ ಹಳೆಯ ಗೆಳೆಯನನ್ನು ಕರೆದುಕೊಂಡು ತಾನೇ ಕೂಡಿಸಿದ. ಹಳೇ ಗಂಡನ ಪಾದವೇ ಗತಿ ಎಂದು ನಾನು ಛೇಡಿಸಿದೆ. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ನಾರ್ಮಂಡ್ ಮಾತ್ರ ಕೋಪದಲ್ಲೂ ಬಂದು ನೆಲಮಾಳಿಗೆಯ ಮೆಟ್ಟಿಲ ಬಳಿ ವಿಷಗಾಳಿಯ ಅಲಾರಂ ಒಂದನ್ನು ನೇತುಹಾಕಿ ಹೋದ.

ಮೊದಲ ಹಿಮ ಬೀಳುವ ಮುಂಚೆ ಮನೆ ಬಿಗಿ ಮಾಡುವುದು ನಮ್ಮಲ್ಲಿ ರೂಢಿ. ಕಿಟಕಿಗಳಿಗೆ ಒಳಗಿಂದ ಪ್ಲಾಸ್ಟಿಕ್ ಹಾಳೆ, ತಳಪಾಯದ ಸುತ್ತ ಸ್ಪ್ರೂಸ್ ಮರದ ಕೊಂಬೆಗಳ ಒಟ್ಟಿಲು, ಬಾಗಿಲ ಸಂದಿಗೆ ಹಳೆಯ ಕಂಬಳಿ. ಯಾರ ಮನೆಯಲ್ಲಿ ಮೇಣದಬತ್ತಿಯ ಜ್ವಾಲೆ ಅಲುಗುವುದಿಲ್ಲವೋ ಅವನೇ ಗಂಡಸು. ಅಡೆಲಾರ್ ಆ ವರ್ಷ ನೆಲಮಾಳಿಗೆಯ ಗಾಳಿಕಿಂಡಿಗೂ ಗೋಣಿ ತುರುಕಿದ.

ಡಿಸೆಂಬರಿನಲ್ಲಿ ಅವರ ಕಿಟಕಿಗಳು ಬೆವರತೊಡಗಿದವು. ಸೊಲಾಂಜಳಿಗೆ ತಲೆನೋವು ಶುರುವಾಯಿತು. ಡಾಕ್ಟರು ಫ್ಲೂ ಓಡಾಡುತ್ತಿದೆ ಎಂದರು. ಇಸ್ಪೀಟು ಆಡಲು ನನ್ನ ಮನೆಗೆ ಬಂದರೆ ಅರ್ಧ ಆಟ ಮುಗಿಯುವಷ್ಟರಲ್ಲಿ ಅವಳ ಮುಖ ತಿಳಿಯಾಗುತ್ತಿತ್ತು, ನಗುತ್ತಿದ್ದಳು.

"ನಿನ್ನ ಮನೇಲಿ ಗಂಡ ಅನ್ನೋನು ಇಲ್ವಲ್ಲಕ್ಕ, ಅದಕ್ಕೇ ಇಲ್ಲಿ ತಲೆನೋವೂ ಇಲ್ಲ," ಎಂದಳು ಜನವರಿಯಲ್ಲಿ ಒಂದು ಸಲ.

ನಾನು ನಗಲಿಲ್ಲ. ನಾರ್ಮಂಡ್ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಅಲಾರಂ ಏನು ಹೇಳುತ್ತಿದೆ ಎಂದು ಕೇಳಿದೆ. ಅದು ಎರಡು ಸಲ ಕಿರುಚಿತಂತೆ. ಅಡೆಲಾರ್ ಅದನ್ನು ಹಿಂಬದಿಯ ಜಗಲಿಗೆ ಒಯ್ದಿಟ್ಟನಂತೆ. ಅಲ್ಲಿ ಅದು ಸುಮ್ಮನಾಯಿತಂತೆ. ಒಳಗಿನ ಶಾಖಕ್ಕೆ ಅದರ ತಲೆ ಕೆಟ್ಟಿತ್ತು, ತಂಪು ತಗುಲಿದ ಮೇಲೆ ಸರಿಹೋಯಿತು ಎಂಬುದು ಅವನ ತೀರ್ಮಾನ. ಅದು ಸುಮ್ಮನಾದದ್ದು ಹೊರಗಿನ ಗಾಳಿ ಶುದ್ಧವಿದ್ದದ್ದಕ್ಕೆ. ನೇರ ಅವನ ಮನೆಗೆ ಹೋಗಿ, ನಾಳೆಯೇ ನಾರ್ಮಂಡನನ್ನು ಕರೆಸು, ಅಲ್ಲಿಯ ತನಕ ತಂಗಿ ನನ್ನ ಮನೆಯಲ್ಲಿರಲಿ ಎಂದೆ.

"ಅತ್ತಿಗೆ, ನಾಳಿದ್ದು ಊಟ ಇದೆ. ಬೀದಿಯೋರೆಲ್ಲ ಬರ್ತಾರೆ," ಎಂದ, ಮೆತ್ತಗೆ. "ಅದೊಂದು ಮುಗೀಲಿ. ಆಮೇಲೆ ಕರಿಸ್ತೀನಿ, ಆಣೆಗೂ."

ಸೊಲಾಂಜ್ ಅವನ ಕಡೆಗೇ ನಿಂತಳು. ಆ ಒಂದು ದಿನದ ಮೇಲೆ ಅವನಿಗೆಷ್ಟು ಆಸೆಯೆಂದು ಅವಳಿಗೆ ಗೊತ್ತಿತ್ತು. ಆ ಕಿಟಕಿಗಳಲ್ಲಿ ಒಂದನ್ನಾದರೂ ಒಡೆದು ಬರಬೇಕೆನ್ನುವಷ್ಟು ಸಿಟ್ಟು ನನಗೆ ಬಂದಿತ್ತು.

ಊಟದ ದಿನ ಬೆಳಿಗ್ಗೆಯಿಂದಲೇ ಒಲೆಯಲ್ಲಿ ಬೀನ್ಸ್ ಕಾಳು, ಹಂದಿಕೊಬ್ಬು ಬೇಯುತ್ತಿದ್ದವು. ಒಲೆಯ ಮೇಲಿನ ಫ್ಯಾನು ಗಾಳಿಯನ್ನು ಹೊರಗೆ ಎಳೆಯುತ್ತಿತ್ತು, ಬಿಗಿ ಮಾಡಿದ ಆ ಮನೆಗೆ ಗಾಳಿ ಒಳಬರಲು ಉಳಿದ ದಾರಿ ಹೊಗೆಗೂಡೊಂದೇ. ಸಂಜೆಗೆ ನಾನು ಒಳಗೆ ಕಾಲಿಟ್ಟಾಗ ಗಾಜುಗಳ ಮೇಲೆ ನೀರು ಇಳಿಯುತ್ತಿತ್ತು. ಆಗಲೇ ಬಂದಿದ್ದ ಪಕ್ಕದ ಮನೆಯ ದಂಪತಿ ಮೇಜಿನ ಬಳಿ ಆಕಳಿಸುತ್ತಿದ್ದರು. ಸೊಲಾಂಜ್ ಎಲ್ಲಿ ಎಂದೆ. ಅಡೆಲಾರ್ ಹೆಮ್ಮೆಯಿಂದ ಬಚ್ಚಲುಮನೆಯ ಕಡೆ ಗಲ್ಲ ಎತ್ತಿ ತೋರಿಸಿದ. ಒಳಗೆ ಅಲ್ಲಿಯದೂ ಒಂದು ಫ್ಯಾನು ಗೊರಗುಡುತ್ತಿತ್ತು, ನಲ್ಲಿ ಹರಿಯುತ್ತಿತ್ತು.

"ತಣ್ಣಗಾದ್ರೆ ಇನ್ನಷ್ಟು ಬಿಟ್ಕೋ," ಎಂದು ಅವನು ಬಾಗಿಲಿಗೆ ಕೂಗಿದ. "ಟ್ಯಾಂಕ್ ತುಂಬ ಇದೆ."

ಅವಳು ಏನೋ ಅಂದಳು, ಗೋಡೆಯ ಆಚೆಯಿಂದ ಮಾತು ತಿಳಿಯಲಿಲ್ಲ. ದನಿ ಕೇಳಿಸಿತಲ್ಲ ಎಂದು ನನಗೆ ತುಸು ಧೈರ್ಯ ಬಂತು. ಹಿಂಬದಿಯ ಜಗಲಿಯಿಂದ ಸೇಬಿನ ಪೈ ತರಲು ಅಡೆಲಾರ್ ನನಗೆ ಹೇಳಿದ. ಚಳಿಗಾಲದಲ್ಲಿ ನಮಗೆಲ್ಲ ಜಗಲಿಯೇ ಫ್ರಿಜ್ಜು. ಅಲ್ಲಿ ಪೈಗಳ ಪಕ್ಕದಲ್ಲೇ ಅಲಾರಂ ಸುಮ್ಮನೆ ಬಿದ್ದಿತ್ತು. ಪೈ ಜತೆ ಅದನ್ನೂ ಬೇಕೆಂದೇ ಎತ್ತಿಕೊಂಡು ಬಂದು ಮೇಜಿನ ನಟ್ಟನಡುವೆ ಇಟ್ಟೆ. ಅಡೆಲಾರ್ ನಕ್ಕ. ಪೈ ಕತ್ತರಿಸಿ ತಟ್ಟೆಗಳಿಗೆ ಹಾಕುತ್ತಿದ್ದೆವು, ಅಷ್ಟರಲ್ಲಿ ಅದು ಕಿರುಚಲು ಶುರುವಿಟ್ಟಿತು.

"ಅದನ್ನ ಹೊರಗಿಡಿ ಅತ್ತಿಗೆ. ಹೊರಗಿದ್ರೆ ಸುಮ್ಮನಿರುತ್ತೆ."

ನಾನು ಹಿಂಬಾಗಿಲನ್ನು ಹಾರುಹೊಡೆದು, ಎಲ್ಲರೂ ಹೊರಗೆ ನಡೀರಿ ಎಂದು ಅರಚಿ ಬಚ್ಚಲುಮನೆಗೆ ಓಡಿದೆ. ಬಾಗಿಲಿಗೆ ಒಳಗಿಂದ ಚಿಲಕ. ಕರೆದೆ, ಬಡಿದೆ. ನಲ್ಲಿ ಇನ್ನೂ ಹರಿಯುತ್ತಿತ್ತು, ನೀರು ಬಾಗಿಲಡಿಯಿಂದ ನನ್ನ ಕಾಲಿಗೆ ಬಂತು. ಆಗ ಅಡೆಲಾರನ ಮುಖ ಬದಲಾಯಿತು. ಅವನು ಹೆಗಲಿನಿಂದ ಗುದ್ದಿ ಬಾಗಿಲು ಕಿತ್ತ.

ಸೊಲಾಂಜ್ ಟಬ್ಬಿನ ಅಂಚಿಗೆ ಕೆನ್ನೆ ಒತ್ತಿ ಮಲಗಿದ್ದಳು. ಎಷ್ಟೋ ವಾರಗಳಿಂದ ಕಾಣದ ಬಣ್ಣ ಆ ಕೆನ್ನೆಗೆ ಬಂದಿತ್ತು, ಗುಲಾಬಿ ಗುಲಾಬಿ. ಪಕ್ಕದ ಮನೆಯವನೂ ನಾನೂ ಅವಳನ್ನು ಕಂಬಳಿಯಲ್ಲಿ ಸುತ್ತಿ ಹಿಮದ ಮೇಲೆ ಒಯ್ದು ಮಲಗಿಸಿದೆವು. ಯಾರೋ ಅಗ್ನಿಶಾಮಕದವರನ್ನು ಕರೆದಿದ್ದರು. ಅವರು ಬಂದು ಅವಳ ಎದೆ ಒತ್ತತೊಡಗಿದರು. ಅಡೆಲಾರ್ ಹೊರಗೆ ಬಂದಿಲ್ಲವೆಂದು ನನಗೆ ಆಗ ಗಮನಕ್ಕೆ ಬಂತು.

ಅವನು ಟಬ್ಬಿನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ, ಒಂದು ತೋಳು ಅಂಗಿಯ ಸಮೇತ ನೀರೊಳಗಿತ್ತು.

"ಅತ್ತಿಗೆ," ಎಂದ, "ನೀರು ಇನ್ನೂ ಬಿಸಿಯಾಗಿದೆ."

ಅವನನ್ನು ಅಲ್ಲೇ ಬಿಟ್ಟು ಬರಬೇಕೆಂದು ನನಗನಿಸಿತು. ನಿಜವಾಗಿ ಅನಿಸಿತು. ಆಮೇಲೆ ಅವನ ಕೊರಳಪಟ್ಟಿ ಹಿಡಿದು ಹಿಮಕ್ಕೆ ಎಳೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ಅವರು ನನ್ನ ತಂಗಿಯ ಎದೆ ಒತ್ತುವುದನ್ನು ನಿಲ್ಲಿಸಿ ಎದ್ದು ನಿಂತಿದ್ದರು. ಆ ಚಳಿಯಲ್ಲಿ ಅಡೆಲಾರನ ಒದ್ದೆ ತೋಳಿನಿಂದ ಹಬೆ ಏಳುತ್ತಿತ್ತು.