ಸದನದಲ್ಲಿ ಅಂದವರು ಯಾರು

ಅಥಣಿಯ ಕೋರ್ಟಿನಲ್ಲಿ ನ್ಯಾಯಾಧೀಶರು ವಕೀಲೆ ಸಾರಿಕಾಳ ಲಿಖಿತ ವಾದ ಓದುತ್ತ ಒಂದು ಸಾಲಿನ ಹತ್ತಿರ ನಿಂತರು.

"‘ಗಾಯರಾಣ ಯಾರಿಗೆ ಕೊಟ್ಟರೂ ಕುರಿಗಾರರ ಮೇವು, ಹಾದಿ, ನೀರು ತಪ್ಪಿಸುವಂತಿಲ್ಲ.’ ಸಚಿವರು ಸದನದಲ್ಲಿ ಹೇಳಿದ್ದು ಅಂತ ಬರೆದಿದ್ದೀರಿ. ಯಾವ ಸದನ, ವಿಧಾನಸಭೆಯೋ ಪರಿಷತ್ತೋ? ಯಾವ ದಿನ? ನಡವಳಿಯ ಯಾವ ಪುಟ?"

ಆ ಸಾಲನ್ನು ಸಾರಿಕಾ ತನ್ನ ಸೀನಿಯರ್ ರಾಜಾರಾಮರ ಹಳೆಯ ಅರ್ಜಿಯೊಂದರಿಂದ ಎತ್ತಿಕೊಂಡಿದ್ದಳು. ಅಲ್ಲಿಯೂ ಕೆಳಗೆ ‘ವಿಧಾನಮಂಡಲದ ಚರ್ಚೆ’ ಎಂದಷ್ಟೇ ಇತ್ತು.

"ಹುಡುಕಿ ಸಲ್ಲಿಸ್ತೀನಿ ಸರ್," ಅಂದಳು.

"ಸಲ್ಲಿಸಿ. ಯಾರು ಅಂದದ್ದು ಅಂತ ಗೊತ್ತಿಲ್ಲದ ಮಾತನ್ನು ನಾನು ಆದೇಶದಲ್ಲಿ ಬರೆಯೋಕಾಗಲ್ಲ."

ಅವಳ ಕಕ್ಷಿದಾರ ಮಾಳಸಿದ್ದ ಹಿಂದಿನ ಬೆಂಚಿನ ಮೇಲಿದ್ದ. ತಾಲ್ಲೂಕಿನ ಅನಂತಪುರದ ಆಚೆಯ ಹಳ್ಳಿಯ ಕುರಿಗಾರ. ಊರಿನ ದನ ಕುರಿ ಮೇಯುವ ಗಾಯರಾಣವನ್ನು ಒಣದ್ರಾಕ್ಷಿ ಗೋದಾಮು ಕಟ್ಟುವವರಿಗೆ ಕೊಟ್ಟಿದ್ದರು. ತಂತಿ ಬೇಲಿ ಎದ್ದು ಕೆರೆಗೆ ಹೋಗುವ ಹಾದಿಯೂ ಬಂದ್ ಆಗಿತ್ತು. ತಡೆಯಾಜ್ಞೆ ಕೇಳಿ ಕುರಿಗಾರರು ಕೋರ್ಟಿಗೆ ಬಂದಿದ್ದರು. ಮಂತ್ರಿಯ ಆ ಮಾತು ಮಾಳಸಿದ್ದನಿಗೆ ಬಾಯಿಪಾಠವಾಗಿತ್ತು. ಚಹಾದ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ.

ನಡವಳಿಗಳು ಜಾಲತಾಣದಲ್ಲಿದ್ದವು, ಆದರೆ ಹಾಳೆಗಳ ಚಿತ್ರವಷ್ಟೇ. ಒಂದೊಂದೇ ತಿರುವಬೇಕು. ಸಾರಿಕಾಳಿಗೆ ಆ ಸಾಲು ಕೊನೆಗೆ ಬೆಳಗಾವಿಯ ಒಂದು ಅಧಿವೇಶನದಲ್ಲಿ ಸಿಕ್ಕಿತು. ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಆದರೆ ಅಂದವರು ಸಚಿವರಲ್ಲ, ಕಾಮಣ್ಣ ಎಂಬ ಸದಸ್ಯರು. ಗಾಯರಾಣ ಕೊಡುವ ಬಗೆಗಿನ ಕಾಯ್ದೆಗೆ ಅವರು ತಂದಿದ್ದ ತಿದ್ದುಪಡಿ ಅದು. ಸಚಿವರು ‘ಒಪ್ಪಲು ಸಾಧ್ಯವಿಲ್ಲ’ ಅಂದಿದ್ದರು. ಮುಂದಿನ ಪುಟದಲ್ಲಿ ‘ಸದನದ ಅನುಮತಿಯಿಂದ ತಿದ್ದುಪಡಿಯನ್ನು ಹಿಂಪಡೆಯಲಾಯಿತು’ ಎಂದಿತ್ತು.

ರಾಜಾರಾಮರು ಹಾಳೆ ನೋಡಿ ಕನ್ನಡಕ ತೆಗೆದರು. "‘ಸದನದಲ್ಲಿ ಹೇಳಲಾಗಿದೆ’ ಅಂತ ಬರಿ. ಅದೇನು ಸುಳ್ಳಲ್ಲ. ಪುಟ ಹಾಕು, ಹೆಸರು ಬ್ಯಾಡ. ಯಾರು ತಗದು ನೋಡಾಕ ಹೋಗ್ತಾರ?"

ಅವಳು ಹಾಗೆಯೇ ಟೈಪು ಮಾಡಿದಳು. ಓದಿದಳು. ಸಹಿ ಹಾಕಲಿಕ್ಕೆ ಕೈ ಬರಲಿಲ್ಲ. ಮರುದಿನ ಮಾಳಸಿದ್ದನನ್ನು ಕರೆದು ಇದ್ದದ್ದು ಹೇಳಿದಳು.

ಮಾಳಸಿದ್ದ ಆ ಹಾಳೆಯನ್ನು ಕೈಗೆ ತೆಗೆದುಕೊಂಡ. "ಮಂತ್ರಿ ಅಲ್ಲಂದ್ರ, ಅಂದಾವ್ರು ಎಲ್ಲಿ ಇರ್ತಾರ್ರಿ?"

"ಯಡೂರಾಗ ಅದಾರಂತ."

"ನಡೀರಿ, ಹೋಗಿ ಬರೂಣು."

ಕಾಮಣ್ಣನವರಿಗೆ ವಯಸ್ಸಾಗಿತ್ತು, ಕಿವಿ ಮಂದ. ಕಟ್ಟೆಯ ಮೇಲೆ ಕೂತಿದ್ದರು. ಸಾರಿಕಾ ಆ ಪುಟ ಗಟ್ಟಿಯಾಗಿ ಓದಿದಳು.

"ಹೌದವ್ವಾ, ನಾನ ಅಂದೀನಿ."

"ಮತ್ತ ಯಾಕ ಹಿಂದ ತಗೊಂಡ್ರಿ?" ಮಾಳಸಿದ್ದನ ದನಿ ಏರಿತ್ತು.

"ಊಟಕ್ಕ ಬಿಟ್ಟಿದ್ರು. ಮಂತ್ರಿ ಮೆಟ್ಟಲ ಮ್ಯಾಲ ಬಂದು ಹೆಗಲಿಗೆ ಕೈ ಹಾಕಿದ. ‘ಕಾಯ್ದೆದಾಗ ಬ್ಯಾಡ, ನಿಯಮದಾಗ ಹಾಕ್ತೀನಿ’ ಅಂದ. ನಂಬಿದ್ನಿ."

"ಹಾಕಿದ್ರೇನ್ರಿ?"

"ಇಲ್ಲಪಾ. ಮುಂದಿನ ಇಲೆಕ್ಷನ್ನಿನ್ಯಾಗ ಅಂವಾನೂ ಬಿದ್ದ, ನಾನೂ ಬಿದ್ನಿ." ಅವರು ಸಾರಿಕಾಳ ಕಡೆ ತಿರುಗಿದರು. "ನಾನ ಕೋರ್ಟಿಗೆ ಬಂದು ಹೇಳ್ಲೇನು?"

"ಬ್ಯಾಡ್ರಿ ಕಾಕಾ. ಮೆಟ್ಟಲ ಮ್ಯಾಲ ಅಂದದ್ದು ನಡವಳಿಯಾಗ ಇಲ್ಲ. ಅದನ್ನ ಕಾಯ್ದೆದ ಅರ್ಥ ಅಂತ ತೋರಸಾಕ ಬರೂದಿಲ್ಲ."

ಮಾಳಸಿದ್ದನ ಸಿಟ್ಟು ಇಳಿದಿತ್ತು. "ಆದ್ರೂ ನಮ್ಮ ಸುದ್ದಿ ತಗದ್ರಿ," ಅಂದ.

"ತಗದ್ನಿ. ತಗದು ಬಿಟ್ನಿ," ಅಂದರು ಕಾಮಣ್ಣ.

ಬಸ್ಸಿನಲ್ಲಿ ಮಾಳಸಿದ್ದ ಕೇಳಿದ: "ಪೂರಾ ಬರದ್ರ ಏನಾಗತೈತ್ರಿ?"

"ನಮಗ ಹೊಡ್ತ ಬೀಳತೈತಿ."

"ಅರ್ಧಾ ಬರದ್ರ?"

"ಸಿಕ್ಕಬಿದ್ರ ನಮ್ಮ ಉಳದ ಕಾಗದಾನೂ ಯಾರೂ ನಂಬೂದಿಲ್ಲ. ಸಿಕ್ಕಬೀಳದಿದ್ರೂ... ನನಗ ಆಗೂದಿಲ್ರಿ ಅದು."

ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಬಸ್ಸು ನಿಂತು ನಿಂತು ಹೋಗುತ್ತಿತ್ತು.

"ಪೂರಾ ಬರೀರಿ," ಅಂದ ಮಾಳಸಿದ್ದ. "ಆ ಅಜ್ಜನ ಹೆಸರೂ ಹಾಕ್ರಿ."

ಅವಳು ಹಾಕಿದಳು. ವಿಧಾನಸಭೆಯ ನಡವಳಿ, ಅಧಿವೇಶನ, ದಿನಾಂಕ, ಸಂಪುಟ, ಪುಟ. ಸದಸ್ಯ ಕಾಮಣ್ಣನವರ ತಿದ್ದುಪಡಿ, ಸಚಿವರು ಒಪ್ಪಲಿಲ್ಲ, ಹಿಂಪಡೆಯಲಾಯಿತು.

ಎದುರು ಕಡೆಯ ವಕೀಲರು ‘ಹಿಂಪಡೆಯಲಾಯಿತು’ ಎಂಬುದನ್ನು ಎರಡು ಸಲ ಓದಿ ಹೇಳಿದರು. ನ್ಯಾಯಾಧೀಶರು ತಲೆಯಾಡಿಸಿದರು. ಸದನ ಕೈಬಿಟ್ಟದ್ದನ್ನು ಕಾಯ್ದೆಯಲ್ಲಿದೆ ಎಂದು ಓದಲಾಗದು, ಗೋದಾಮಿನ ಕೆಲಸ ತಡೆಯುವುದಿಲ್ಲ ಅಂದರು. ಆದರೆ ಸರ್ವೆ ನಕ್ಷೆಯಲ್ಲಿ ಕೆರೆಯ ಹಾದಿ ಸ್ಪಷ್ಟವಾಗಿತ್ತು. ಕೇಸು ಮುಗಿಯುವವರೆಗೆ ಅದನ್ನು ತೆರೆದಿಡಬೇಕೆಂದು ಆದೇಶಿಸಿದರು.

ಹೊರಗೆ ಮಾಳಸಿದ್ದನ ಹೆಂಡತಿ ಹೊಳೆವ್ವ ಕಾಯುತ್ತಿದ್ದಳು. "ಗೆದ್ದಿವೋ, ಸೋತಿವೋ?"

"ಹಾದಿ ಉಳೀತವ್ವಾ. ಹುಲ್ಲು ಉಳೀಲಿಲ್ಲ," ಅಂದಳು ಸಾರಿಕಾ.

"ಮಂತ್ರಿ ಅಂತ ಇದ್ದದ್ದನ್ನ ಹಂಗ ಬಿಟ್ಟಿದ್ರ ಹುಲ್ಲೂ ಉಳೀತಿತ್ತು."

ಹೊಳೆವ್ವ ಹೇಳಿದ್ದು ಸುಳ್ಳೆಂದು ಸಾರಿಕಾಳಿಗೆ ಖಾತ್ರಿಯಿರಲಿಲ್ಲ.

ಆ ವರ್ಷ ಕುರಿಗಳು ಎರಡು ಬೇಲಿಗಳ ನಡುವೆ ಕೆರೆಗೆ ಹೋಗಿ ಬಂದವು. ಮೇವಿಗೆ ಮಾಳಸಿದ್ದ ಕಾಗವಾಡದ ಕಡೆ ಹಿಂಡು ಹೊಡೆದುಕೊಂಡು ಹೋದ. ಕೇಸು ಇನ್ನೂ ನಡೆದಿದೆ. ವಕೀಲರನ್ನು ಅವನು ಬದಲಿಸಲಿಲ್ಲ. ಹೊಳೆವ್ವ ಮಾತ್ರ ತಾರೀಖಿಗೆ ಬರುವುದನ್ನು ಬಿಟ್ಟಳು.