ತಟ್ಟಿ ನೋಡಿದ ಮರ

ಮರ ಡಬ್ ಎಂದಿತು.

ದೊಡ್ಡವಳು ತಟ್ಟಬೇಕೆಂದು ತಟ್ಟಿದ್ದಲ್ಲ. ಜನ ಓಡಾಡದಂತೆ ಸುತ್ತ ಪಟ್ಟಿ ಕಟ್ಟಿ, ರಸ್ತೆಗೆ ಬೋರ್ಡು ನಿಲ್ಲಿಸಿ ಬಂದವಳು, ಬುಡದಲ್ಲಿ ಬಿದ್ದಿದ್ದ ಮರದ ಕೊಡತಿಯನ್ನು ಎತ್ತಿಡುವಾಗ ಸುಮ್ಮನೆ ಕೈಚಪಲಕ್ಕೆ ನೀಲಗಿರಿಯ ಬೆನ್ನಿಗೊಂದು ಏಟು ಕೊಟ್ಟಿದ್ದಳು, ಅಷ್ಟೆ. ಗಟ್ಟಿ ಮರವಾದರೆ ಟಣ್ ಎನ್ನುತ್ತದೆ, ಏಟು ಮೊಣಕೈವರೆಗೆ ವಾಪಸು ಬರುತ್ತದೆ. ಇದು ಖಾಲಿ ಡ್ರಮ್ಮಿನ ಹಾಗೆ ಏಟನ್ನು ನುಂಗಿಕೊಂಡಿತು. ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ತಟ್ಟಿದಳು. ಡಬ್. ಇನ್ನೂ ಆಚೆ ತಟ್ಟಿದಳು. ಅಲ್ಲೂ ಅದೇ. ತಲೆಯೆತ್ತಿ ನೋಡಿದರೆ ತಮ್ಮ ಆಗಲೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಮಾಡು ದಾಟಿ ಮೇಲೆ ಹೋಗಿದ್ದ.

ಮರ ಹತ್ತಿ ತುಂಡು ತುಂಡಾಗಿ ಕಡಿದು ಇಳಿಸುವುದು ಅವರ ಕಸುಬು. ಅಪ್ಪ, ಮಗಳು, ಮಗ, ಮೂವರೇ. ಅಪ್ಪನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ತಮ್ಮನಿಗೆ ಚಿಕ್ಕಂದಿನಿಂದ ಅಳಿಲು ಎಂದೇ ಹೆಸರು. ಹತ್ತುವ ಮುಂಚೆ ಮರ ತಟ್ಟುವುದು ಅಪ್ಪನ ಹಕ್ಕು. ಬುಡದಿಂದ ಕೈ ಎಟುಕುವವರೆಗೆ ಸುತ್ತಲೂ ತಟ್ಟಿ, ಕಣ್ಣು ಮುಚ್ಚಿ ಕೇಳಿ, ಅವನು ‘ಹತ್ತು’ ಅಂದರೆ ಹತ್ತಬೇಕು. ‘ಬೇಡ’ ಅಂದರೆ ಸಾಕ್ಷಾತ್ ದೇವರೇ ಬಂದು ಹೇಳಿದರೂ ಹತ್ತುವಂತಿಲ್ಲ. ಯಾಕೆಂದರೆ ಹತ್ತುವವನ ಹಗ್ಗವನ್ನು ಹಾಕುವುದೂ ಅದೇ ಮರದ ಕವಲಿಗೆ. ಮರವೇ ಮುರಿದರೆ ಆ ಹಗ್ಗ ಕಾಪಾಡುವುದಿರಲಿ, ಅವನನ್ನೂ ಮರದ ಜೊತೆಗೇ ಎಳೆದುಕೊಂಡು ಹೋಗುತ್ತದೆ.

ಅಪ್ಪ ಹಗ್ಗದ ಕೆಳತುದಿ ಹಿಡಿದು, ಮಗ ಹತ್ತಿದಷ್ಟೂ ಸಡಿಲ ಎಳೆದುಕೊಳ್ಳುತ್ತ ನಿಂತಿದ್ದ.

“ಅಪ್ಪ, ಇದನ್ನ ತಟ್ಟಿ ನೋಡಿದ್ಯಾ?”

ಅವನು ಮೇಲೆಯೇ ನೋಡುತ್ತಿದ್ದ. ದೊಡ್ಡವಳು ಹೋಗಿ ಭುಜ ಹಿಡಿದು ಅಲುಗಿಸಿದಳು. ಅವನು ಬೆಚ್ಚಿಬಿದ್ದು ತಿರುಗಿದ.

“ಏನೇ? ಹಗ್ಗ ಕೈಲಿರುವಾಗ ಹೀಗಾ ಮುಟ್ಟೋದು?”

“ಮರ ಟೊಳ್ಳು. ಅವನನ್ನ ಇಳಿಸು.”

“ನಾನು ತಟ್ಟಿದ್ದೀನಿ. ಗಟ್ಟಿಯಾಗಿದೆ.”

“ಎಲ್ಲಿ ತಟ್ಟಿದ್ದೀಯ? ಇಲ್ಲಿ ಕೇಳು,” ಎಂದು ಅವನ ಕಣ್ಣೆದುರಿಗೇ ಕೊಡತಿಯನ್ನು ಎತ್ತಿ ಬಡಿದಳು. ಡಬ್ ಎಂದ ಸದ್ದಿಗೆ ಒಳಗೆ ಏನೋ ಪುಡಿ ಜರಿದದ್ದು ಕೂಡ ಅವಳಿಗೆ ಕೇಳಿಸಿತು. “ಕೇಳ್ತಾ?”

“ಕೇಳ್ತು. ಗಟ್ಟಿಯಾಗಿದೆ ಅಂದ್ನಲ್ಲ. ಹೋಗಿ ನಿನ್ನ ಕೆಲಸ ನೋಡು.”

ಅಪ್ಪ ಮುಂಗೋಪಿ, ಹಟಮಾರಿ, ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ತಟ್ಟೆ ನೂಕುವ ಆಸಾಮಿ. ಆದರೆ ಮರದ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಈಗಲೂ ಅವನ ಮುಖದಲ್ಲಿ ಸುಳ್ಳಿನ ಕಳೆ ಇರಲಿಲ್ಲ. ಸದ್ದು ಮಾತ್ರ ಅವನ ಕಿವಿಗೆ ಬೇರೆಯೇ ಆಗಿ ಬಿದ್ದಿತ್ತು.

ಹಾಗೆ ಅನ್ನಿಸಿದ್ದೇ ತಡ, ಒಂದರ ಹಿಂದೆ ಒಂದು ನೆನಪಿಗೆ ಬಂದವು. ಓಣಿಯ ತುದಿಗೆ ಕೇಳಿಸುವ ಹಾಗೆ ಟಿವಿ. ಫೋನು ಬಂದರೆ “ನೀನೇ ಮಾತಾಡು” ಎಂದು ಅಮ್ಮನ ಕೈಗೆ ತುರುಕುವುದು. ಎಲ್ಲರೂ ನಕ್ಕಾದ ಮೇಲೆ, ನಕ್ಕವರ ಮುಖ ನೋಡಿಕೊಂಡು ತಾನೂ ನಗುವುದು. ಕೆಲಸದ ಜಾಗದಲ್ಲಂತೂ ಗರಗಸದ ಮಷಿನ್ನು ಅರಚುವಾಗ ಎಲ್ಲರದೂ ಕೈಸನ್ನೆಯೇ, ಯಾರಿಗೆ ಏನು ತಿಳಿಯಬೇಕು? ಜೀವಮಾನವಿಡೀ ಆ ಮಷಿನ್ನನ್ನು ಬರಿಕಿವಿಯ ಪಕ್ಕ ಇಟ್ಟುಕೊಂಡೇ ಓಡಿಸಿದವನು. ಕಿವಿಗೆ ಹಾಕುವ ಮುಚ್ಚಳ ಅವಳೇ ತಂದುಕೊಟ್ಟರೆ, “ಚಳಿಗೆ ಹೆದರೋ ಮುದುಕಿಯಾ ನಾನು, ಕಿವಿ ಮುಚ್ಕೊಳ್ಳೋಕೆ?” ಎಂದು ವ್ಯಾನಿನ ಹಿಂದಕ್ಕೆ ಎಸೆದಿದ್ದ.

“ಅಳಿಲೂ!” ದೊಡ್ಡವಳು ಮೇಲಕ್ಕೆ ಕೂಗಿದಳು. “ಇಳಿಯೋ! ಮರ ಟೊಳ್ಳು!”

ತಮ್ಮ ಬೂಟಿನ ಮುಳ್ಳುಗಳನ್ನು ಕಾಂಡಕ್ಕೆ ಊರಿ ನಿಂತು ಕೆಳಗೆ ಬಗ್ಗಿದ. “ಅಪ್ಪ ತಟ್ಟಿದ್ದಾನಲ್ಲೇ!”

“ನಾನೂ ತಟ್ಟಿದೆ. ಇಳಿ ಅಂದ್ರೆ ಇಳಿ!”

ಅಪ್ಪನಿಗೆ ಅವಳ ಬಾಯಿ ಆಡುವುದು ಕಾಣಿಸಿತು. ಅವನು ಮಗನಿಗೆ ಹೆಬ್ಬೆರಳೆತ್ತಿ ತೋರಿಸಿ, ಹತ್ತು ಹತ್ತು ಎಂದು ಕೈ ಬೀಸಿದ. ತಮ್ಮ ನಕ್ಕ. “ನಿನಗೆ ಯಾವಾಗ್ಲೂ ಪುಕ್ಕಲು ಕಣಕ್ಕಾ,” ಎಂದು ಮೇಲೆ ಇನ್ನೊಂದು ಹೆಜ್ಜೆ ಇಟ್ಟ. ಮುಳ್ಳು ನಾಟಿದ ಜಾಗದಿಂದ ಸಣ್ಣ ಕಂದು ಪುಡಿ ಉದುರಿ ದೊಡ್ಡವಳ ಹೆಲ್ಮೆಟ್ಟಿನ ಮೇಲೆ ಬಿತ್ತು.

ಅವಳ ಪಿತ್ತ ನೆತ್ತಿಗೇರಿತು. ಹಗ್ಗಕ್ಕೆ ಕೈ ಹಾಕಿದಳು, ಅಪ್ಪ ಮೊಣಕೈಯಿಂದ ತಳ್ಳಿದ. ಕಿತ್ತಾಡಿದರೆ ಮೇಲಿದ್ದವನಿಗೇ ಅಪಾಯ. ಅವಳು ಹಿಂದೆ ಸರಿದಳು. ಅಪ್ಪ ಮತ್ತೆ ತಲೆ ಮೇಲೆತ್ತಿ, ಬೆನ್ನನ್ನು ಪೂರ್ತಿ ಅವಳ ಕಡೆ ಮಾಡಿ ನಿಂತ. ಅವಳು ಆ ಬೆನ್ನಿನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತು, ಸ್ವಲ್ಪ ಎತ್ತರದ ದನಿಯಲ್ಲಿ ಹೇಳಿದಳು:

“ಅಪ್ಪ, ನಿನ್ನ ಅಂಗಿಗೆ ಬೆಂಕಿ ಹತ್ಕೊಂಡಿದೆ.”

ನೀರಿನ ತೊಟ್ಟಿಯ ಹತ್ತಿರ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ವಾಚ್‌ಮನ್ ದಡಬಡ ಎದ್ದ. “ಎಲ್ಲಿ ಬೆಂಕಿ? ಎಲ್ಲಿ?” ಎನ್ನುತ್ತ ಕೈಗೆ ಸಿಕ್ಕಿದ ಬಕೆಟ್ ತುಂಬಿಕೊಂಡು, ಅರ್ಧ ನೀರನ್ನು ತನ್ನ ಪ್ಯಾಂಟಿನ ಮೇಲೇ ಚೆಲ್ಲಿಕೊಳ್ಳುತ್ತ ಓಡಿಬಂದ. ಮೇಲಿಂದ ತಮ್ಮ “ಏನಾಯ್ತು?” ಎಂದು ಕೂಗಿದ.

ಅಪ್ಪ ಮಾತ್ರ ಅಲುಗಲಿಲ್ಲ. ಆರಾಮಾಗಿ ಒಂದು ಗೇಣು ಹಗ್ಗ ಎಳೆದುಕೊಂಡ.

“ಅಪ್ಪ, ಬೆನ್ನು ಸುಡ್ತಿದೆ ನೋಡು,” ಎಂದಳು ದೊಡ್ಡವಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಮೇಲಿದ್ದ ತಮ್ಮನ ಮುಖವನ್ನೇ ನೋಡುತ್ತಿದ್ದಳು. ತಮ್ಮ ಅಪ್ಪನನ್ನು ನೋಡಿದ, ಬಕೆಟ್ ಹಿಡಿದು ಪೆದ್ದುಪೆದ್ದಾಗಿ ನಿಂತ ವಾಚ್‌ಮನ್‌ನನ್ನು ನೋಡಿದ, ಅಕ್ಕನನ್ನು ನೋಡಿದ. ಅವನ ನಗು ಹೇಳಹೆಸರಿಲ್ಲದಂತೆ ಮಾಯವಾಯಿತು. ಎರಡೂ ಕೈಯಲ್ಲಿ ಕಾಂಡವನ್ನು ತಬ್ಬಿಕೊಂಡ.

“ಹಗ್ಗಕ್ಕೆ ಭಾರ ಬಿಡಬೇಡ,” ಅವಳು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. “ಮುಳ್ಳಿನ ಮೇಲೇ ಇಳಿ. ಹತ್ತಿದ ಜಾಗದಲ್ಲೇ ಕಾಲಿಡು. ಅವಸರ ಮಾಡಬೇಡಪ್ಪ.”

ಅವನು ಇಳಿಯತೊಡಗಿದ. ಅಪ್ಪ ಹತ್ತು ಎಂದು ಕೈ ಬೀಸಿದ, ಬೀಸಿದ, ಆಮೇಲೆ ಬೈಯುತ್ತ ಹಗ್ಗ ಬಿಟ್ಟುಕೊಟ್ಟ. ಮಾಡಿನ ಮಟ್ಟಕ್ಕೆ ಬಂದಾಗ ತಮ್ಮನ ಎಡಗಾಲಿನ ಮುಳ್ಳು ನಾಟಲಿಲ್ಲ. ಬೂಟು ಹಿಮ್ಮಡಿಯವರೆಗೆ ಕಾಂಡದೊಳಕ್ಕೆ ಹೋಯಿತು. ಒದ್ದೆ ರಟ್ಟು ಹರಿದಂಥ ಸದ್ದಾಗಿ, ಅಂಗೈಯಗಲದ ತೊಗಟೆ ಕಳಚಿಕೊಂಡು ಮಾಡಿನ ತಗಡಿನ ಮೇಲೆ ಬಿದ್ದು ಜಾರಿತು. ತಮ್ಮ ಕಾಲನ್ನು ಮೆಲ್ಲಗೆ ಬಿಡಿಸಿಕೊಂಡು, ಇನ್ನೊಂದು ಜಾಗ ತಡಕಿ, ಇಳಿದು ಬಂದು, ನೆಲ ಸಿಕ್ಕಿದ ಕೂಡಲೇ ಬುಡದಿಂದ ದೂರ ಹೋಗಿ ಕುಕ್ಕರಿಸಿಬಿಟ್ಟ.

“ಯಾವನೋ ಇಳಿ ಅಂದೋನು?” ಅಪ್ಪ ಗದರಿದ. “ಮೇಸ್ತ್ರಿ ನಾನಾ, ಇವಳಾ?”

ದೊಡ್ಡವಳು ಅಪ್ಪನ ಎದುರಿಗೆ ಬಂದು ನಿಂತಳು.

“ನಿನಗೆ ಕಿವಿ ಕೇಳಲ್ಲ.”

“ಕೇಳುತ್ತೆ.”

“ನಾನು ಆಗ ಬೆನ್ನ ಹಿಂದೆ ನಿಂತು ಏನಂದೆ, ಹೇಳು.”

ಅಪ್ಪ ವಾಚ್‌ಮನ್ನನ ಕಡೆ ನೋಡಿದ, ಅವನ ಬಕೆಟ್ಟಿನ ಕಡೆ ನೋಡಿದ. ಅದರಿಂದ ಏನೂ ತಿಳಿಯಲಿಲ್ಲ. ವಾಚ್‌ಮನ್‌ಗೆ ನಾಚಿಕೆಯಾಗಿ, ಇದು ಮನೆ ಮಂದಿಯ ಜಗಳವೆಂದು ಗೊತ್ತಾಗಿ, ನೀರನ್ನು ಹೂವಿನ ಕುಂಡಕ್ಕೆ ಹೊಯ್ದು ಹೊರಟುಹೋದ.

“ಸ್ವಲ್ಪ ಮಂದ, ಅಷ್ಟೆ,” ಎಂದ ಅಪ್ಪ. “ಕಿವಿ ಇಲ್ದಿದ್ರೆ ಏನೀಗ, ಕೈಗೆ ಗೊತ್ತಾಗುತ್ತೆ ನನಗೆ. ಇಷ್ಟು ವರ್ಷ ನಿಮಗೆ ಯಾರಿಗಾದ್ರೂ ಒಂದು ಗೀರು ಬಿದ್ದಿದೆಯಾ?”

“ಅದು ನಿನ್ನ ಕೈ ಅಲ್ಲಪ್ಪ, ನಮ್ಮ ಅದೃಷ್ಟ! ಆ ಸ್ಕೂಲಿನ ಹಿಂದಿನ ಮರಕ್ಕೆ ನಾನು ಹತ್ತಿದ್ದೆ. ನೀನು ಕಣ್ಣು ಮುಚ್ಚಿ ಕೊಡತಿ ಬಡಿದು ‘ಹತ್ತು’ ಅಂದೆ. ಆವತ್ತು ಕೇಳ್ತಿತ್ತಾ? ನದಿ ಪಕ್ಕದ್ದು? ಬಸ್ ಡಿಪೋದು? ಯಾವ ಮರದಿಂದ ಶುರು ಇದು? ಕಣ್ಣು ಮುಚ್ಕೊಂಡು ನಾಟಕ ಆಡ್ತಿದ್ಯಾ ನಮ್ಮ ಮುಂದೆ?”

ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಎಷ್ಟು ಹಿಡಿದನೋ ಎಷ್ಟು ಬಿಟ್ಟನೋ. ಕೊನೆಗೆ ಕೊಡತಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅದರ ತಲೆಯನ್ನು ಉಜ್ಜಿದ.

“ಎಲ್ಲ ಮರಾನೂ ಈಗ ಒಂದೇ ಥರ ಕೇಳುತ್ತೆ,” ಎಂದ.

ಅವಳಿಗೆ ಅವನನ್ನು ಹಿಡಿದು ಅಲುಗಾಡಿಸಿಬಿಡಬೇಕೆನ್ನಿಸಿತು. ಅಳುವೂ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಗೋಡೆಯ ಮರೆಗೆ ಹೋಗಿ ಅಮ್ಮನಿಗೆ ಫೋನು ಮಾಡಿದಳು.

“ಏನೇ, ಈ ಹೊತ್ನಲ್ಲಿ? ಎಲ್ಲ ಚೆನ್ನಾಗಿದ್ದೀರಾ?”

“ಅಪ್ಪನಿಗೆ ಕಿವಿ ಹೋಗಿದೆ ಅಂತ ನಿನಗೆ ಗೊತ್ತಿತ್ತಾ? ಅಳಿಲನ್ನ ಟೊಳ್ಳು ಮರಕ್ಕೆ ಹತ್ತಿಸಿದ್ದ.”

ಆ ಕಡೆ ತಿರುಗುತ್ತಿದ್ದ ಮಿಕ್ಸಿ ನಿಂತಿತು.

“ಯಾರಿಗೂ ಹೇಳಬೇಡ ಅಂತ ಕೈ ಹಿಡ್ಕೊಂಡ್ರು ಕಣೆ. ಕಿವುಡನನ್ನ ಯಾರು ಮೇಸ್ತ್ರಿ ಅಂತಾರೆ ಅಂದ್ರು.”

“ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಮಗೆ ಹುಷಾರು, ಹುಷಾರು ಅಂತೀಯಲ್ಲ, ಯಾವ ಬಾಯಲ್ಲಿ ಅಂತಿದ್ದೆ ಅಮ್ಮ? ಗಂಡನ ಮರ್ಯಾದೆ ದೊಡ್ಡದಾಯ್ತಾ ನಿನಗೆ, ಮಕ್ಕಳ ಜೀವಕ್ಕಿಂತ?”

“ಹಾಗನ್ನಬೇಡ್ವೇ. ಮನೇಲಿ ಕೇಳಲ್ಲ, ಸರಿ. ಮರದ ಹತ್ರ ಹೋದ್ರೆ ಕೇಳುತ್ತೇನೋ ಅನ್ಕೊಂಡಿದ್ದೆ. ಮಗು ಇಳಿದನಾ? ಇಳಿದನಾ ಹೇಳು ಮೊದ್ಲು.”

“ಇಳಿದ,” ಎಂದು ದೊಡ್ಡವಳು ಫೋನು ಕತ್ತರಿಸಿದಳು.

ಆಸ್ಪತ್ರೆಯ ಮ್ಯಾನೇಜರ್ ಬಂದು, ಕೆಲಸ ಯಾಕೆ ನಿಂತಿತು ಎಂದು ಅಪ್ಪನನ್ನು ಕೇಳಿದ. ಅಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡವಳು ನಡುವೆ ಬಂದು, ಈ ಮರ ಹತ್ತುವ ಮರವಲ್ಲ, ಕ್ರೇನ್ ತರಿಸಿ ಹೊರಗಿನಿಂದ ಬಿಚ್ಚಬೇಕು, ಅಲ್ಲಿಯವರೆಗೆ ಒಗೆಯುವ ಕೋಣೆಗೆ ಬೀಗ ಹಾಕಿಸಿ ಎಂದಳು. “ಮೇಸ್ತ್ರಿ ಬೆಳಿಗ್ಗೆ ಆಗುತ್ತೆ ಅಂದಿದ್ರಲ್ಲ?” ಎಂದು ಅವನು ರಾಗ ಎಳೆದ. “ಈಗ ನಾನು ಆಗಲ್ಲ ಅಂತಿದ್ದೀನಿ,” ಎಂದಳು. ಅಪ್ಪ ಇಬ್ಬರ ಮುಖಗಳನ್ನೂ ಬದಲಿಸಿ ಬದಲಿಸಿ ನೋಡುತ್ತ ಪಕ್ಕದಲ್ಲಿ ನಿಂತಿದ್ದ.

ಹಗ್ಗ ಸುತ್ತಿ, ಪಟ್ಟಿಯನ್ನು ಇನ್ನೂ ಅಗಲಕ್ಕೆ ಕಟ್ಟಿ ವ್ಯಾನಿನ ಬಳಿ ಬಂದರು. ಅಪ್ಪ ಅಭ್ಯಾಸದಂತೆ ಡ್ರೈವರ್ ಬಾಗಿಲಿಗೆ ಹೋದ. ದೊಡ್ಡವಳು ಅಂಗೈ ಚಾಚಿದಳು. ಅವನು ಕೀ ಕೊಟ್ಟುಬಿಟ್ಟ. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

ಅಪ್ಪ ಕಿಟಕಿಯ ಪಕ್ಕ ಕೂತ, ತಮ್ಮ ನಡುವೆ. ಹಳೆಯ ಎಂಜಿನ್ನು ಗಡಗಡ ಎನ್ನತೊಡಗಿತು. ದೊಡ್ಡರಸ್ತೆಗೆ ಬಂದ ಮೇಲೆ ದೊಡ್ಡವಳು ಶುರುಮಾಡಿದಳು. ಕಣ್ಣು ರಸ್ತೆಯ ಮೇಲೆ, ಬಾಯಿ ಅಪ್ಪನ ಮೇಲೆ.

“ಹೆಲ್ಮೆಟ್ ಹಾಕ್ಕೊಂಡಿಲ್ಲ ಅಂತ ನನ್ನ ಕಿವಿ ಹಿಂಡಿದ್ದೀಯ, ಜನರ ಎದುರಿಗೆ. ನಿನ್ನ ಕಿವಿ ಯಾರು ಹಿಂಡಬೇಕಿತ್ತು? ಮೇಸ್ತ್ರಿ ಅಂತೆ ಮೇಸ್ತ್ರಿ! ಮರ್ಯಾದೆ ಹೋಗುತ್ತೆ ಅಂತ ಮಗನನ್ನ ಮೇಲೆ ಕಳಿಸ್ತೀಯಾ? ಹೇಳಿದ್ರೆ ಏನಾಗ್ತಿತ್ತು? ನಾನು ತಟ್ಟುತ್ತಿರ್ಲಿಲ್ವಾ? ನೀನೇ ಕಲಿಸಿದ್ದಲ್ವಾ ನನಗೆ?”

“ಅಕ್ಕ, ಸಾಕು,” ಎಂದ ತಮ್ಮ.

“ಸಾಕಂತೆ! ಇವತ್ತು ಇವನು ಬಿದ್ದಿದ್ರೆ, ಬೀಳುವಾಗ ಅಪ್ಪಾ ಅಂತ ಕೂಗಿದ್ರೆ, ಅದೂ ಕೇಳ್ತಿರ್ಲಿಲ್ಲ ಕಣಪ್ಪ ನಿನಗೆ. ಹಗ್ಗ ಹಿಡ್ಕೊಂಡು ಮೇಲೆ ನೋಡ್ತಾ ನಿಂತಿರ್ತಿದ್ದೆ. ನಾನು ಅಮ್ಮನಿಗೆ ಏನಂತ ಹೇಳಬೇಕಿತ್ತು? ಹೇಳು, ಏನಂತ ಹೇಳಬೇಕಿತ್ತು?”

ಒಳಗಿದ್ದುದೆಲ್ಲ ಬಂತು. ಎಂದೋ ನುಂಗಿಕೊಂಡದ್ದು, ಮರೆತೆ ಅಂದುಕೊಂಡದ್ದು, ಇವತ್ತಿಗೆ ಸಂಬಂಧವೇ ಇಲ್ಲದ್ದು, ಎಲ್ಲ ಬಂತು. ಬೈದು ಬೈದು ಗಂಟಲು ಒಣಗಿ, ಸಿಗ್ನಲ್ಲಿನಲ್ಲಿ ಮೂಗು ಒರೆಸಿಕೊಂಡು, ಹಸಿರಾದ ಮೇಲೆ ಮತ್ತೆ ಬೈದಳು. ತಮ್ಮ ಮಂಡಿಗಳ ನಡುವೆ ಕೈ ಸಿಕ್ಕಿಸಿಕೊಂಡು, ಬೈಗುಳವೆಲ್ಲ ತನಗೇ ಎಂಬಂತೆ ಕೂತಿದ್ದ. ಅಪ್ಪ ಕಿಟಕಿಯಾಚೆ ಹಿಂದಕ್ಕೆ ಸರಿಯುತ್ತಿದ್ದ ಅಂಗಡಿಗಳನ್ನು ನೋಡುತ್ತಿದ್ದ.

ಊರಿನ ಗಲಾಟೆ ಮುಗಿದು ರಸ್ತೆ ಖಾಲಿಯಾದಾಗ ಅವನು ಇತ್ತ ತಿರುಗಿದ.

“ಯಾಕೆ ಇಬ್ಬರೂ ಆಗಿನಿಂದ ಸುಮ್ನೆ ಕೂತಿದ್ದೀರಿ?” ಎಂದ, ವ್ಯಾನಿನೊಳಗೆ ಬೇಕಾದದ್ದಕ್ಕಿಂತ ಬಹಳ ಜೋರಾಗಿ. “ಬೈಯೋದಿದ್ರೆ ಬೈದುಬಿಡಿ.”

ತಮ್ಮ ಅಕ್ಕನ ಕಡೆ ನೋಡಿದ. ದೊಡ್ಡವಳು ಸ್ವಲ್ಪ ದೂರ ಹಾಗೆಯೇ ಓಡಿಸಿದಳು. ಆಮೇಲೆ ವ್ಯಾನನ್ನು ರಸ್ತೆಯ ಅಂಚಿಗೆ ತೆಗೆದು ನಿಲ್ಲಿಸಿ, ಎಂಜಿನ್ನು ಆರಿಸಿ, ಬೆಲ್ಟು ಬಿಚ್ಚಿ, ಸೀಟಿನ ಮೇಲೆ ಪೂರ್ತಿಯಾಗಿ ಅವನ ಕಡೆಗೆ ತಿರುಗಿ ಕೂತಳು.