ಬಾಗಿಲು ಎತ್ತ ಕಡೆ

"ಏ ಮುದುಕಿ, ಕಿವಿ ಕೆಪ್ಪ ಅದಾವೇನ ನಿನ್ನವು? ಬಾಗಲಾ ಹಿಂದಕ ಮಾಡ್ಕೊಂಡ ಬಾ ಅಂತ ಮೂರ ಸಲ ಹೇಳೀನಿ!"

ನಿಪ್ಪಾಣಿ ಪುರಸಭೆಯ ಓವರ್‌ಸಿಯರ್ ರಾಜಾರಾಮ ಮನೆಯ ನಕಾಶೆಯನ್ನು ಮೇಜಿನಿಂದ ಆಚೆ ನೂಕಿದ. ಅದು ಹೊಳೆವ್ವನ ಕಾಲಬುಡಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಒಂದೇ ಒಂದು ಖೋಲಿ, ರಸ್ತೆಯ ಕಡೆಗೆ ಒಂದು ಬಾಗಿಲು. ಆ ಬಾಗಿಲ ಮೇಲೆ ರಾಜಾರಾಮ ಕೆಂಪು ಶಾಯಿಯಲ್ಲಿ ಕಾಟು ಹೊಡೆದಿದ್ದ.

"ಹಿಂದ ಗಟಾರ ಐತ್ರಿ ಸಾಹೇಬ್ರ. ಊರ ಹೊಲಸೆಲ್ಲಾ ಅದರಾಗ ಹರೀತೈತಿ. ಅದನ್ನ ತುಳಕೊಂಡ ಮನಿ ಹೊಗಬೇಕೇನ್ರಿ?"

"ಏನ ರಾಣಿ ಆಗಿಬಿಟ್ಟಿ ನೋಡ! ಎದುರಿಗೆ ಮುರಗೆಪ್ಪ ಸಾವಕಾರ್ರ ಬಂಗ್ಲೆ ಐತಿ. ತಕರಾರ ಅರ್ಜಿ ಕೊಟ್ಟಾರ ಅವರು. ಮುಂಜಾನೆದ್ದ ಬಾಗಲಾ ತಗದ್ರ ಹೊಲಗೇರಿ ರಂಡಿ ಮಾರಿ ನೋಡಬೇಕಾ? ಅವರ ಸಹಿ ತಾ, ಪರವಾನಗಿ ಕೊಡ್ತೀನಿ. ಚಲ್, ನೀಘ!"

ಕಚೇರಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಹೊಳೆವ್ವ ನಕಾಶೆಯನ್ನು ಸುರುಳಿ ಸುತ್ತಿಕೊಂಡು ಹೊರಬಿದ್ದಳು.

ಹಿಂಬಾಗಿಲು ಅವಳಿಗೇನು ಹೊಸದಲ್ಲ. ಮೂವತ್ತು ವರ್ಷದಿಂದ ಅದೇ ಮುರಗೆಪ್ಪನ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿದವಳು. ವಖಾರಿಯ ಮುಂದೆ ಹೇರುಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲಿದ್ದರೂ ಜರಡಿ ಹೆಂಗಸರಿಗೆ ಹಿಂದಿನ ಗಿಡ್ಡ ಬಾಗಿಲೇ ಗತಿ. ಗಂಡ ಸತ್ತ ದಿನ ಸುದ್ದಿ ಹೇಳಲು ಹೋದಾಗಲೂ ಅವಳು ಸಾವಕಾರರ ಹಿತ್ತಲಲ್ಲೇ ನಿಂತು ಕೂಗಿದ್ದಳು. ಹಡೆದ ಎರಡೂ ಮಣ್ಣಾದ ಮೇಲೆ ಅಣ್ಣನ ಮಕ್ಕಳ ಪಡಸಾಲೆಯ ಮೂಲೆಯಲ್ಲಿ ಅವರಿವರ ಕಾಲು ದಾಟಿಸಿಕೊಂಡು ಮಲಗುತ್ತ ಬಂದಳು. ಎಂಬತ್ತೇಳನೆಯ ಇಸವಿಯಲ್ಲಿ ಸರಕಾರ ಜಾಗ ಹಂಚಿದಾಗ ಅವಳ ಹೆಸರೂ ಬಂತು. ಅಂದಿನಿಂದ ಅವಳಿಗೆ ಒಂದೇ ಹುಚ್ಚು. ತನ್ನ ಹೊಸ್ತಿಲ ಮೇಲೆ ತಾನು ಕೂತಿರಬೇಕು, ರಸ್ತೆಯಲ್ಲಿ ಹೋಗುವ ಯಾರಾದರೂ "ಹೊಳೆವ್ವಾ, ಚಾ ಆತೇನ?" ಅನ್ನಬೇಕು. ಗಟಾರದ ಕಡೆ ಕೂತರೆ ಹಂದಿಗಳು ಕೇಳುತ್ತವೆಯೇ?

ಅಲ್ಲಿಂದ ನೆಟ್ಟಗೆ ಬಂಗಲೆಗೆ ಹೋದಳು. ಎಂದೂ ಇಲ್ಲದ್ದು, ಮುಂದಿನ ಮೆಟ್ಟಿಲ ಹತ್ತಿರವೇ ನಿಂತಳು.

"ಧಣ್ಯಾರ, ಒಂದ ಸಹಿ ಕೊಡ್ರಿ. ಬಾಗಲಾ ಮುಂದ ಇಟ್ರ ನಿಮಗೇನ ಕಡಿಮಿ ಆಗತೈತ್ರಿ?"

ಮುರಗೆಪ್ಪ ಜೋಕಾಲಿಯಿಂದ ಇಳಿಯಲಿಲ್ಲ. "ನಿನಗ ಮನಿ ಬ್ಯಾಡ ಅಂದ್ನೇನ? ಹಿಂದ ಬಾಗಲಾ ಇಟ್ಕೋ, ಒಂದ ಟ್ರಾಕ್ಟರ್ ಇಟ್ಟಂಗಿ ನಾನ ಕೊಡ್ತೀನಿ. ಪುಕ್ಕಟೆ."

"ಇಟ್ಟಂಗಿ ಬ್ಯಾಡ್ರಿ. ಸಹಿ ಕೊಡ್ರಿ."

"ಬೋಸುಡಿ! ನನ್ನ ತಂಬಾಕ ತಿಂದು ನನ್ನ ಮಾರಿಗೆ ಬಾಗಲಾ ಇಡ್ತಿ? ನಾಳಿಂದ ವಖಾರಿ ಕಡೆ ಹಾಯಬ್ಯಾಡ. ನಿನ್ನ ಸಂಗಾಟ ನಿಂತವರೂ ಹಾಯೂದ ಬ್ಯಾಡ!"

ಅವಳು ಗೇಟು ದಾಟುವ ಮೊದಲೇ ಸಾವಕಾರರ ಹೆಂಡತಿ ಕಸ್ತೂರೆವ್ವ ಒಂದು ಕೊಡ ನೀರು ತಂದು ಅವಳು ನಿಂತಿದ್ದ ಜಾಗ ತೊಳೆದಳು. ನೀರು ಹರಿದು ಬಂದು ಹೊಳೆವ್ವನ ಹಿಮ್ಮಡಿ ತೋಯಿಸಿತು.

ಈ ಕಡೆ ಮನೆ ಕಟ್ಟುವವರು ಮೊದಲು ಬಾಗಿಲ ಚೌಕಟ್ಟು ನಿಲ್ಲಿಸುತ್ತಾರೆ. ಗೋಡೆ ಏಳುವುದು ಆಮೇಲೆ. ಐದು ಮಂದಿ ಮುತ್ತೈದೆಯರು ಅರಿಷಿಣ ಕುಂಕುಮ ಹಚ್ಚಿ, ಹಸಿರು ಖಣ ಕಟ್ಟಿ, ಕಾಯಿ ಒಡೆದರೆ ಮನೆ ಹುಟ್ಟಿತು ಅಂತ ಲೆಕ್ಕ. ಹೊಳೆವ್ವ ಕೊರಳ ಬಂಗಾರದ ಗುಂಡು ಬಿಚ್ಚಿ ಬಡಿಗನ ಕೈಗಿಟ್ಟು ಬೇವಿನ ಚೌಕಟ್ಟು ಮಾಡಿಸಿದಳು. ಪರವಾನಗಿ ಬೇಕಾದದ್ದು ಗೋಡೆಗೆ, ಬಾಗಿಲಿಗಲ್ಲ ಎಂದು ಅವಳು ಪೂರ್ತಿ ನಂಬಿದ್ದಳು. ವಖಾರಿಯ ಹೆಂಗಸರಿಗೆಲ್ಲ ಸೋಮವಾರ ಬೆಳಿಗ್ಗೆ ಬನ್ನಿರೆಂದು ಹೇಳಿಬಂದಳು.

ಸೋಮವಾರ ಬಡಿಗ ಚೌಕಟ್ಟನ್ನು ಅವಳ ಜಾಗದಲ್ಲಿ ಕೈಗಾಡಿಯಿಂದ ಇಳಿಸಿ, ಬಂಗಲೆಯ ಕಡೆ ಒಮ್ಮೆ ನೋಡಿ, ಕುಡಿಯಲು ನೀರೂ ಕೇಳದೆ ಹೋದ. ಹೊಳೆವ್ವ ತಾಟಿನಲ್ಲಿ ಅರಿಷಿಣ ಕುಂಕುಮ ಇಟ್ಟುಕೊಂಡು ದಾರಿ ನೋಡಿದಳು. ಎಂಟು ಗಂಟೆಗೆ ವಖಾರಿಯ ಭೋಂಗಾ ಕೂಗಿತು. ಹೆಂಗಸರು ಗುಂಪಾಗಿ ಬಂದರು, ತಲೆ ತಗ್ಗಿಸಿ ಹಾಗೇ ಮುಂದೆ ಸಾಗಿದರು. ಮೂವತ್ತು ವರ್ಷ ಒಂದೇ ಜರಡಿಯ ಆ ತುದಿ ಹಿಡಿದ ಅಕ್ಕುತಾಯಿ ಮಾತ್ರ ಒಂದು ಗಳಿಗೆ ನಿಂತಳು.

"ಹೊಟ್ಟಿ ಐತಿ ಬೇ ನನಗ," ಅಂದಳು. ಅವಳೂ ಹೋದಳು.

ಹೊಳೆವ್ವ ಒಬ್ಬಳೇ ಉಳಿದಳು. ಬೈಯಲು ಸಹ ಹತ್ತಿರ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತು ಅತ್ತಳು, ಮೂಗು ಒರೆಸಿಕೊಂಡು ಎದ್ದಳು. ಎರಡು ಕುಣಿ ತೋಡಿ, ಚೌಕಟ್ಟಿನ ತಲೆಯನ್ನು ಹೆಗಲಿಗೆ ಕೊಟ್ಟು ಎತ್ತಿದಳು. ಎರಡು ಸಲ ಜಾರಿ ಹೆಗಲ ಚರ್ಮ ಸುಲಿಯಿತು. ಮೂರನೆಯ ಸಲ ನಿಂತಿತು, ಬಂಗಲೆಗೆ ಸರಿಯಾಗಿ ಎದುರು. ಬುಡಕ್ಕೆ ಕಲ್ಲು ಜಡಿದು, ಹಿಂದೆ ಮುಂದೆ ಬಿದಿರು ಆನಿಸಿದಳು. ರಂಡೆಯಾದವಳು ಮುಟ್ಟಬಾರದ ಅರಿಷಿಣ ಕುಂಕುಮವನ್ನು ತನ್ನ ಕೈಯಿಂದಲೇ ಹಚ್ಚಿದಳು.

ಊಟದ ಹೊತ್ತಿಗೆ ರಾಜಾರಾಮ ಹಾರೆ ಹಿಡಿದ ಪುರಸಭೆಯ ಇಬ್ಬರು ಸಿಪಾಯಿಗಳ ಜೊತೆ ಬಂದ. ಎದುರಿಗೆ ಮುರಗೆಪ್ಪ ಗೇಟಿನಲ್ಲಿ ನಿಂತಿದ್ದ.

"ಪರವಾನಗಿ ಎಲ್ಲೈತಿ ಲೇ ಮುದುಕಿ? ಕೀಳ್ರಿ ಅದನ್ನ!"

ಗೋಡೆ ಇಲ್ಲ, ಸೂರು ಇಲ್ಲ. ನಾಲ್ಕೂ ಕಡೆ ಬಯಲು, ಯಾವ ಕಡೆಯಿಂದಾದರೂ ನುಗ್ಗಬಹುದಿತ್ತು. ಆದರೂ ಮೂವರೂ ಬಾಗಿಲ ಮುಂದೆಯೇ ಬಂದು ನಿಂತಿದ್ದರು. ಹೊಳೆವ್ವ ಒಳಗಡೆ ಬರೀ ನೆಲದ ಮೇಲೆ ಕೂತಿದ್ದಳು. ಎದ್ದು ಬಂದು ಎರಡೂ ಕೈಯಿಂದ ಚೌಕಟ್ಟು ಹಿಡಿದಳು.

"ಒಳಗ ಬರೂದಿದ್ರ ಕಾಲಾನವು ಅಲ್ಲೇ ಕಳದ ಬರ್ರಿ ಸಾಹೇಬ್ರ. ಇದು ನನ್ನ ಮನಿ."

ಸಿಪಾಯಿಗಳಲ್ಲೊಬ್ಬ ತನಗೆ ಅರಿವಿಲ್ಲದೆ ಒಂದು ಚಪ್ಪಲಿ ಕಳಚಿದ. ರಾಜಾರಾಮ ಅವನ ಕಪಾಳಕ್ಕೆ ಹೊಡೆದು, ಅವನ ಕೈಯಿಂದ ಹಾರೆ ಕಿತ್ತುಕೊಂಡ.